ಕಂಡಕ್ಟರ್ ಜೊತೆ ಬೇಲೂರಿಗೆ

ಅರಸೀಕೆರೆ
೧೮ ನವೆಂಬರ್ ೨೦೨೪

ಪ್ರೀತಿಯ ಚಿತ್ರಾ,

ನಿನಗೂ ನಿನ್ನ ಮನೆಯವರಿಗೂ ಅಕ್ಕನ ಜೈಭೀಮ್. ಸಿರಿಗೆ ದೊಡ್ಡಮ್ಮನ ಮುತ್ತು.

ನೀನು ಫೋನ್ ಮಾಡಿದಾಗಲೆಲ್ಲ ಕಟ್ ಮಾಡಿದೆ, ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳಿಗೂ ಉತ್ತರ ಕೊಡಲಿಲ್ಲ. ಕೋಪ ಮಾಡಿಕೊಳ್ಳಬೇಡ ಕಣೇ. ಫೋನಿನಲ್ಲಿ ಮಾತಾಡಿದರೆ ನಿನ್ನ ಭಾವ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಾರೆ. ಎಷ್ಟು ಅರ್ಥವಾಗುತ್ತದೋ ಗೊತ್ತಿಲ್ಲ, ಆದರೆ ಮೈಸೂರು ಅನ್ನುವ ಹೆಸರು ಕಿವಿಗೆ ಬಿದ್ದರೆ ಸಾಕು, ತಮ್ಮ ಬ್ಯಾಗು ಹುಡುಕಲು ಶುರು ಮಾಡುತ್ತಾರೆ. ಅವರನ್ನು ಕಳಿಸುವ ಮಾತನ್ನು ಅವರ ಎದುರಿಗೇ ಆಡಲು ನನಗೆ ನಾಲಿಗೆ ಏಳುವುದಿಲ್ಲ. ಈಗ ಊಟ ಮಾಡಿ ಮಲಗಿದ್ದಾರೆ. ಅದಕ್ಕೇ ಈ ಕಾಗದ ಹಿಡಿದು ಕೂತಿದ್ದೇನೆ.

ಮೈಸೂರಿನ ಆ ಆರೈಕೆ ಮನೆಯಲ್ಲಿ ಒಂದು ಹಾಸಿಗೆ ಖಾಲಿ ಇದೆ, ಈ ವಾರದೊಳಗೆ ಹೂಂ ಅನ್ನದಿದ್ದರೆ ಬೇರೆಯವರ ಪಾಲಾಗುತ್ತದೆ ಅಂತ ಬರೆದಿದ್ದೀಯ. ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೀಯ ಅಂತ ಗೊತ್ತು. ಮಕ್ಕಳು ಮರಿ ಇಲ್ಲದ ನಮಗೆ ಹೀಗೆ ಓಡಾಡುವವರು ನಿನ್ನನ್ನು ಬಿಟ್ಟರೆ ಯಾರಿದ್ದಾರೆ? ಶನಿವಾರಕ್ಕೆ ಮೊದಲೇ ಈ ಕಾಗದ ಬರೆದಿದ್ದರೆ ಕರೆದುಕೊಂಡು ಹೋಗು ಅಂದುಬಿಡುತ್ತಿದ್ದೆ. ಬೆಳಕು ಹರಿಯುವ ಮೊದಲೇ ಎದ್ದು ಖಾಕಿ ಬಟ್ಟೆ ಎಲ್ಲಿ ಅನ್ನುತ್ತಾರೆ. ನೀವು ರಿಟೈರ್ ಆಗಿದ್ದೀರಿ ಅಂದರೆ ಬಾಗಿಲು ಬಡಿಯುತ್ತಾರೆ. ಮೊನ್ನೆ ಗುರುವಾರ ಅಡ್ಡ ನಿಂತಿದ್ದಕ್ಕೆ ನನ್ನ ಮಣಿಕಟ್ಟು ತಿರುವಿದರು, ಇನ್ನೂ ಊತ ಇಳಿದಿಲ್ಲ. ಸಾಕಾಗಿ ಹೋಗಿದೆ ಚಿತ್ರಾ. ನಿದ್ದೆ ಮಾಡಿ ಎದ್ದರೆ ಕಳೆಯುವ ಆಯಾಸವಲ್ಲ ಇದು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ಯೋಚಿಸುವುದಕ್ಕೂ ತ್ರಾಣವಿಲ್ಲ.

ಶನಿವಾರ ಬೆಳಿಗ್ಗೆ ಅವರಿಗೆ ಮುಖ ತೊಳೆಸಲು ಒದ್ದಾಡುತ್ತಿದ್ದೆ, ಗೇಟಿನ ಹೊರಗೆ ಹಾರನ್ ಕೇಳಿಸಿತು. ಭಾಗ್ಯ ಗೊತ್ತಲ್ಲ, ನನ್ನ ಜೊತೆ ಸ್ಕೂಲಿನಲ್ಲಿದ್ದವಳು, ಗಂಡ ತೀರಿಕೊಂಡ ಮೇಲೆ ಹಟಕ್ಕೆ ಬಿದ್ದು ಕಾರು ಕಲಿತವಳು. ಅವಳ ಪಕ್ಕದಲ್ಲಿ ನಮ್ಮ ಬೀದಿಯ ಕಮಲಾಕ್ಷಮ್ಮ. ಅವರು ನರ್ಸಾಗಿದ್ದು ರಿಟೈರ್ ಆದವರು, ಅತ್ತೆಗೂ ಇದೇ ಮರೆವಿನ ಕಾಯಿಲೆ ಬಂದಾಗ ಕೊನೆಯವರೆಗೂ ನೋಡಿಕೊಂಡವರು. ಬಾಯಿ ಮಾತ್ರ ಬಲು ಖಾರ.

“ಹಳೇಬೀಡು, ಬೇಲೂರು ನೋಡ್ಕೊಂಡ್ ಬರಣ, ಹೊರಡೇ,” ಅಂದಳು ಭಾಗ್ಯ.

“ಇವರನ್ನ ಕಟ್ಟಿಕೊಂಡು ನಾನೆಲ್ಲಿಗೆ ಬರ್ಲಿ?”

“ನಾವು ಕರೆಯಕ್ ಬಂದಿರೋದೇ ಅವ್ರನ್ನ ಕಣೇ ರುದ್ರಿ. ನೀನು ಬಾಲಂಗೋಚಿ, ಬೇಕಾದ್ರೆ ಬಾ,” ಅಂದರು ಕಮಲಾಕ್ಷಮ್ಮ.

ಬೇಲೂರು ಅಂದಿದ್ದೇ ತಡ, ನಿನ್ನ ಭಾವ ನನ್ನ ಕೈಯಿಂದ ಟವೆಲ್ ಕಿತ್ತುಕೊಂಡು ತಾವೇ ಮುಖ ಒರೆಸಿಕೊಂಡರು. ಸರ್ವಿಸಿನ ಬಹುಪಾಲು ಅವರು ಕಂಡಕ್ಟರ್ ಆಗಿದ್ದಿದ್ದು ಇದೇ ದಾರಿಯಲ್ಲಲ್ಲವೇ? ತಲೆ ಬಾಚಿಕೊಂಡು, ನೆಟ್ಟಗೆ ನಡೆದು ಹೋಗಿ ಮುಂದಿನ ಸೀಟಿನಲ್ಲಿ ಕೂತರು. ಕಮಲಾಕ್ಷಮ್ಮ ಹಿಂದೆ ನನ್ನ ಪಕ್ಕಕ್ಕೆ ಬಂದರು.

ಜಾವಗಲ್ ದಾಟಿದ ಮೇಲೆ ನಿನ್ನ ಭಾವ ಭಾಗ್ಯಳನ್ನು ಮೇಲಿಂದ ಕೆಳಗೆ ನೋಡಿ, “ಯಾವಾಗ್ಲಿಂದ ಹೆಂಗಸ್ರು ಡ್ರೈವರ್ ಆದ್ರು?” ಅಂದರು. ನನಗೆ ತಡೆಯಲಾಗಲಿಲ್ಲ. “ಅವಳು ಡ್ರೈವರಲ್ಲ ರೀ, ಭಾಗ್ಯ. ಇದು ಬಸ್ಸಲ್ಲ, ಕಾರು. ನೀವು ಕೆಲಸ ಬಿಟ್ಟು ಎಷ್ಟು ಕಾಲವಾಯ್ತು, ನೆನಪು ಮಾಡ್ಕೊಳ್ಳಿ,” ಅಂದೆ. ಸಿಟ್ಟು ನೆತ್ತಿಗೇರಿ ಮುಂದಿನ ಹಲಗೆಗೆ ಗುದ್ದಿದರು. ಕಮಲಾಕ್ಷಮ್ಮ ನನ್ನ ತೊಡೆ ಜಿಗುಟಿದರು ನೋಡು, ಕಣ್ಣಲ್ಲಿ ನೀರು ಬಂತು.

“ಪರೀಕ್ಷೆ ಇಟ್ಟಿದೀಯೇನೇ ಅವ್ರಿಗೆ? ಫೇಲ್ ಆದ್ರೆ ಏನ್ಮಾಡ್ತೀಯ, ಇನ್ನೊಂದ್ ವರ್ಷ ಅದೇ ಕ್ಲಾಸಲ್ಲಿ ಕೂರಿಸ್ತೀಯಾ?” ಅಂತ ಕಿವಿಯಲ್ಲಿ ಅಂದರು.

ಅಷ್ಟರಲ್ಲಿ ಭಾಗ್ಯ, “ಹೊಸದಾಗಿ ಡ್ಯೂಟಿಗೆ ಹಾಕವ್ರೆ ಸಾರ್. ರೂಟ್ ಗೊತ್ತಿಲ್ಲ, ಸ್ವಲ್ಪ ಹೇಳ್ಕೊಡಿ,” ಅಂದಳು. ಅವರ ಹೆಗಲು ಇಳಿಯಿತು. “ಹೆದರ್ಕಬೇಡ. ನಾನಿಲ್ವಾ?” ಅಂದರು. ಮುಂದೆ ಬರುವ ತಿರುವು, ಉಬ್ಬು, ದನ ಅಡ್ಡ ಬರುವ ಜಾಗ ಎಲ್ಲವನ್ನೂ ಒಂದೊಂದಾಗಿ ಹೇಳುತ್ತಾ ಹೋದರು. ಮನೆಯಲ್ಲಿ ಬಚ್ಚಲು ಎಲ್ಲಿದೆ ಅಂತ ತಿಳಿಯದ ಮನುಷ್ಯ ಕಣೇ! ನನಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಹಳೇಬೀಡಿನಲ್ಲಿ ಶಿಲ್ಪ ಗಿಲ್ಪ ಏನನ್ನೂ ಅವರು ನೋಡಲಿಲ್ಲ. ದೇವಸ್ಥಾನದ ಬಾಗಿಲಿಗೆ ಒಂದು ಸ್ಕೂಲಿನ ಮಕ್ಕಳು ಮುತ್ತಿಕೊಂಡಿದ್ದರು. ಇವರು ಪಕ್ಕದಲ್ಲಿ ನಿಂತು, “ಬಾಗಿಲಲ್ಲಿ ನಿಲ್ಬೇಡಿ, ಒಳಗ್ ಹೋಗಿ, ಒಳಗ್ ಹೋಗಿ, ಜಾಗ ಐತೆ,” ಅಂತ ಶುರು ಮಾಡಿದರು. ನಾನು ನಾಚಿಕೆಯಿಂದ ಅವರ ತೋಳು ಎಳೆಯುತ್ತಿದ್ದೆ. ಮಕ್ಕಳು ಸಾಲಾಗಿ ಒಳಗೆ ಹೋದವು! ಅವರ ಮೇಷ್ಟರು ಬಂದು, “ಥ್ಯಾಂಕ್ಸ್ ಸಾರ್, ನಮ್ಮ ಮಾತು ಕೇಳ್ತಿರ್ಲಿಲ್ಲ,” ಅಂತ ಕೈಮುಗಿದರು. ಭಾಗ್ಯ ನಕ್ಕು ನಕ್ಕು ಅಲ್ಲೇ ಜಗಲಿಯ ಮೇಲೆ ಕುಸಿದಳು. ಅವರನ್ನು ಯಾರಾದರೂ ನೋಡಿಯಾರು ಅಂತ ನಾನು ಇಷ್ಟು ದಿನ ಕಿಟಕಿ ಕೂಡ ತೆರೆಯುತ್ತಿರಲಿಲ್ಲ ಚಿತ್ರಾ. ನೋಡಿದರೆ ಏನಾಗುತ್ತದೆ ಅಂತ ಅಲ್ಲಿ ನೋಡಿದೆ, ಏನೂ ಆಗಲಿಲ್ಲ.

ಹುಲಿಕೆರೆಯ ಕಲ್ಯಾಣಿಯ ಹತ್ತಿರ ಕಮಲಾಕ್ಷಮ್ಮ ನನ್ನನ್ನು ಮೆಟ್ಟಿಲ ಮೇಲಿನ ನೆರಳಲ್ಲಿ ಕೂರಿಸಿ, “ನೀನಿಲ್ಲಿಂದ ಏಳಂಗಿಲ್ಲ. ಅವ್ರನ್ನ ನಾವ್ ನೋಡ್ಕೋತೀವಿ,” ಅಂದರು. ಅವರಿಗೆ ನೀರು ಕುಡಿಯಲು ನೆನಪಿರುವುದಿಲ್ಲ, ಜಾರುತ್ತಾರೆ, ಎತ್ತಲಾದರೂ ಹೋಗಿಬಿಡುತ್ತಾರೆ ಅಂತ ನಾನು ಹೇಳುತ್ತಲೇ ಇದ್ದೆ. ಹೇಳುತ್ತ ಹೇಳುತ್ತ ಭಾಗ್ಯಳ ಬ್ಯಾಗಿಗೆ ತಲೆ ಕೊಟ್ಟಿದ್ದೊಂದೇ ಗೊತ್ತು. ಕಣ್ಣು ಬಿಟ್ಟಾಗ ಬಿಸಿಲು ನನ್ನ ಕಾಲಿನ ಮೇಲೆ ಬಂದಿತ್ತು. ದಡಬಡಿಸಿ ಎದ್ದೆ. ನೋಡಿದರೆ ಮೂವರೂ ಕೂತು ಚಿತ್ರಾನ್ನ ತಿನ್ನುತ್ತಿದ್ದಾರೆ. ನಿನ್ನ ಭಾವ ಕಮಲಾಕ್ಷಮ್ಮನ ಡಬ್ಬಿಯಿಂದ ಕಡಲೆಬೀಜ ಹೆಕ್ಕಿ ತಿನ್ನುತ್ತಿದ್ದಾರೆ. ನಾನಿಲ್ಲದೆ ಅವರಿಗೆ ಏನೂ ಆಗಿರಲಿಲ್ಲ. ನಿಜ ಹೇಳಲಾ, ನನಗೆ ಸ್ವಲ್ಪ ಮುನಿಸೇ ಬಂತು.

“ಎಲ್ಲಾನೂ ನಾನೇ ಹೊತ್ಕೊಂಡಿದೀನಿ ಅನ್ನೋ ಜಂಬ ಬಿಡೇ,” ಅಂದರು ಕಮಲಾಕ್ಷಮ್ಮ. “ನಾನೂ ಹಂಗೇ ಮಾಡಿ ಸೊಂಟ ಕಳ್ಕೊಂಡೆ. ನಮ್ಮತ್ತೆ ಏನ್ ಮೆಡಲ್ ಕೊಟ್ಟು ಹೋದ್ರಾ ನಂಗೆ?”

ಮಾದಿಹಳ್ಳಿಯಲ್ಲಿ ನಡೆದದ್ದನ್ನು ಕೇಳು. ಬಸ್ ಸ್ಟಾಪಿನ ಹತ್ತಿರ ಬಂದ ಕೂಡಲೇ ಇವರು ಗಟ್ಟಿಯಾಗಿ, “ಹೋಲ್ಡಾನ್!” ಅಂದರು. ಭಾಗ್ಯಳ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಅಲ್ಲಿ ಒಬ್ಬ ಅಜ್ಜಿ ಸೌತೆಕಾಯಿ ಕುಕ್ಕೆ ಇಟ್ಟುಕೊಂಡು ನಿಂತಿದ್ದಳು. ಇವರು ಕಿಟಕಿಯಿಂದ ತಲೆ ಹಾಕಿ, “ಬೇಲೂರು, ಬೇಲೂರು! ಹತ್ತು ಬೇಗ,” ಅನ್ನಬೇಕೇ? ಅಜ್ಜಿ ಬಾಗಿಲು ತೆಗೆದು, ಕುಕ್ಕೆ ಸಮೇತ ನನ್ನ ತೊಡೆಯ ಮೇಲೇ ಕೂತಂತೆ ಕೂತಳು. “ರೈಟ್!” ಅಂದರು ಇವರು. ಭಾಗ್ಯ ಗಾಡಿ ಬಿಟ್ಟಳು, ಇನ್ನೇನು ಮಾಡಿಯಾಳು!

ಸ್ವಲ್ಪ ದೂರ ಹೋದ ಮೇಲೆ ಹಿಂದೆ ತಿರುಗಿ, ಎಡಗೈಯಲ್ಲಿ ಏನೋ ಹಿಡಿದಂತೆ ಹಿಡಿದು, ಬಲಗೈಯಿಂದ ಹರಿದು ಅಜ್ಜಿಯ ಕಡೆ ಚಾಚಿದರು. ಅವರ ಬೆರಳಲ್ಲಿ ಏನೂ ಇರಲಿಲ್ಲ. ನನ್ನ ನಾಲಿಗೆ ತುದಿಗೆ ಬಂದಿತ್ತು, ಟಿಕೆಟ್ಟೆಲ್ಲಿದೆ ರೀ ಅಂತ. ಅಜ್ಜಿ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕೈ ಚಾಚಿ ಅದನ್ನು ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ನಮ್ ಭಾವಯ್ಯನೂ ಹಿಂಗೇ ಇದ್ರು,” ಅಂತ ನನಗಷ್ಟೇ ಕೇಳುವ ಹಾಗೆ ಅಂದಳು. ಬೇಲೂರಿನಲ್ಲಿ ಇಳಿಯುವಾಗ ಎರಡು ಸೌತೆಕಾಯಿ ಕೊಟ್ಟು ಹೋದಳು.

ಬೇಲೂರಿನಲ್ಲಿ ಮಾತ್ರ ನನ್ನ ಜೀವ ಹೋಯಿತು. ಹೋಟೆಲಿನಲ್ಲಿ ದೋಸೆ ಬರುವುದಕ್ಕೆ ಮುಂಚೆ ಅವರು ಕೂತಲ್ಲೇ ಪ್ಯಾಂಟ್ ಒದ್ದೆ ಮಾಡಿಕೊಂಡರು. ನೆಲದ ಮೇಲೆ ಹರಿಯಿತು. ಪಕ್ಕದ ಟೇಬಲ್ಲಿನವರು ಕಾಲು ಎತ್ತಿಕೊಂಡರು. ನಿನ್ನ ಭಾವನಿಗೂ ಗೊತ್ತಾಯಿತು, ತಲೆ ತಗ್ಗಿಸಿ ಮೇಜಿನ ಅಂಚು ಹಿಡಿದುಕೊಂಡರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಭಾಗ್ಯ ಎದ್ದವಳೇ ನೀರಿನ ಜಗ್ಗನ್ನು ಬೇಕೆಂದೇ ಅವರ ತೊಡೆಯ ಮೇಲೆ ಉರುಳಿಸಿ, “ಅಯ್ಯಯ್ಯೋ ಸಾರ್, ನನ್ ಕೈಗಿಷ್ಟು! ಕ್ಷಮಿಸ್ಬೇಕು,” ಅಂತ ಹೋಟೆಲಿಗೆಲ್ಲ ಕೇಳುವ ಹಾಗೆ ಕೂಗಿದಳು. ಇವರು ತಲೆ ಎತ್ತಿದರು. “ಹೋಗ್ಲಿ ಬಿಡಮ್ಮ, ನೀರು ತಾನೆ,” ಅಂದರು. ಅವಳ ದುಪಟ್ಟಾ ಸೊಂಟಕ್ಕೆ ಸುತ್ತಿಕೊಂಡೇ ದೋಸೆ ತಿಂದರು.

ಕೈ ತೊಳೆಯುವ ಜಾಗದಲ್ಲಿ ನಾನು ಗೋಡೆಗೆ ಒರಗಿ ಅತ್ತೆ. ಕಮಲಾಕ್ಷಮ್ಮ ಸಮಾಧಾನ ಮಾಡಲಿಲ್ಲ. ಮುಖ ತೊಳೆಯಲು ನಲ್ಲಿ ಬಿಟ್ಟು, “ಅತ್ತಾಯ್ತಾ? ಬಾ, ನಿನ್ ದೋಸೆ ಆರೋಗ್ತಾ ಐತೆ,” ಅಂದರು. ಬಿಸಿಯಾಗಿರುವಾಗಲೇ ನಾನು ಒಂದು ದೋಸೆ ತಿಂದು ಎಷ್ಟು ಕಾಲವಾಗಿತ್ತು ಅಂತ ಆಗ ನೆನಪಾಯಿತು.

ವಾಪಸ್ಸು ಬರುವ ದಾರಿಯಲ್ಲಿ ನಿನ್ನ ಭಾವ ನಿದ್ದೆ ಹೋದಾಗ ಮೈಸೂರಿನ ವಿಷಯ ಅವರಿಬ್ಬರಿಗೂ ಹೇಳಿದೆ. ಕಳಿಸಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಕಮಲಾಕ್ಷಮ್ಮ ಹಾಗೆ ಅನ್ನಲಿಲ್ಲ. “ಕಳಿಸಿದ್ರೆ ನೀನೇನು ಕೆಟ್ಟವಳಾಗಲ್ಲ, ಇಟ್ಕಂಡ್ರೆ ಒಳ್ಳೆಯವಳೂ ಆಗಲ್ಲ. ನಿನ್ ಕೈಲಿ ಎಷ್ಟಾಗ್ತದೆ ಅದನ್ನ ನೋಡ್ಕೊ. ಒಬ್ಳೇ ಮಾಡ್ತೀನಿ ಅಂದ್ರೆ ನಾಳೆನೇ ಕಳ್ಸು,” ಅಂದರು. ಭಾಗ್ಯ, “ಮಂಗಳವಾರ, ಶುಕ್ರವಾರ ಮಧ್ಯಾಹ್ನ ನನ್ನ ಡ್ಯೂಟಿ. ಕಂಡಕ್ಟರ್ ಸಾರ್‌ನ ಒಂದ್ ರೌಂಡ್ ಕರ್ಕೊಂಡ್ ಹೋಗಿ ಬತ್ತೀನಿ, ನೀನು ಮಲಕ್ಕೋ,” ಅಂದಳು. ಭಾನುವಾರ ಕಮಲಾಕ್ಷಮ್ಮನ ಪಾಲಿಗೆ. ಬೇಡ, ನಿಮಗ್ಯಾಕೆ ತೊಂದರೆ ಅನ್ನಲು ಹೋದೆ, ತೊಡೆಗೆ ಇನ್ನೊಂದು ಸಲ ಜಿಗುಟು ಬಿತ್ತು.

ಹಾಗಾಗಿ ಚಿತ್ರಾ, ಆ ಹಾಸಿಗೆ ಸದ್ಯಕ್ಕೆ ಬೇಡ ಅಂತ ಹೇಳಿಬಿಡು. ನನ್ನ ದಣಿವು ಹೋಯಿತು ಅಂತ ತಿಳಿಯಬೇಡ. ಇವತ್ತು ಬೆಳಿಗ್ಗೆಯೂ ಖಾಕಿ ಬಟ್ಟೆ ಕೇಳಿದರು. ಇಸ್ತ್ರಿಗೆ ಕೊಟ್ಟಿದ್ದೇನೆ, ಅಷ್ಟರಲ್ಲಿ ಕಾಫಿ ಕುಡಿಯಿರಿ ಅಂದೆ. ಕುಡಿದರು. ನಾಳೆ ಬೆಳಿಗ್ಗೆ ಹೇಗೋ ಏನೋ. ನನ್ನ ಕೈಲಾಗದ ದಿನ ಬಂದರೆ ನಾನೇ ನಿನಗೆ ಫೋನ್ ಮಾಡಿ ಬಾ ಅನ್ನುತ್ತೇನೆ, ಆಗ ನೋಡು ಅಕ್ಕಾ ನಾನು ಹೇಳಿರಲಿಲ್ಲವಾ ಅನ್ನಬೇಡ.

ನಿನ್ನ ಬೆನ್ನುನೋವಿಗೆ ಡಾಕ್ಟರ ಹತ್ತಿರ ಹೋಗಿ ಬಾ. ಆಫೀಸಿನ ಕುರ್ಚಿ ಬದಲಾಯಿಸು ಅಂತ ಹೇಳಿ ಹೇಳಿ ನನಗೇ ಬೇಜಾರಾಗಿದೆ. ಸಿರಿಯ ಪರೀಕ್ಷೆ ಚೆನ್ನಾಗಿ ಆಗಲಿ, ನಿಮ್ಮ ಮನೆ ತಣ್ಣಗಿರಲಿ, ನೀವೆಲ್ಲ ಹೊತ್ತಿಗೆ ಸರಿಯಾಗಿ ಉಂಡು ನೆಮ್ಮದಿಯಾಗಿ ನಿದ್ದೆ ಮಾಡುವಂತಾಗಲಿ.

ನಿನ್ನ ಅಕ್ಕ,
ರುದ್ರಮ್ಮ

ಮಡಚಿದ ಕಾಗದವನ್ನು ಮತ್ತೆ ಬಿಡಿಸಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ನಾನು ಬೇಡ ಅಂದಿದ್ದಕ್ಕೆ ಇನ್ನೊಂದು ಕಾರಣವಿದೆ. ಅದನ್ನು ಭಾಗ್ಯಳಿಗೂ ಕಮಲಾಕ್ಷಮ್ಮನಿಗೂ ಹೇಳಿಲ್ಲ.

ಬರುವಾಗ ಜಾವಗಲ್ಲಿನಲ್ಲಿ ಅವರಿಬ್ಬರೂ ಹೂವು ತರಲು ಇಳಿದರು. ಕಾರಿನಲ್ಲಿ ನಾವಿಬ್ಬರೇ. ನಿನ್ನ ಭಾವ ಹಿಂದೆ ತಿರುಗಿ, “ಎಲ್ಲಿಗಮ್ಮ?” ಅಂದರು. “ಅರಸೀಕೆರೆ,” ಅಂದೆ. ನನ್ನ ಊದಿದ ಮಣಿಕಟ್ಟು ನೋಡಿ, “ಕೈಗೇನಾಯ್ತು?” ಅಂದರು. “ಬಿದ್ದೆ,” ಅಂದೆ. “ನೋವೈತಾ? ಹುಷಾರಾಗಿ ಓಡಾಡಿ. ಮನೇಲಿ ಯಾರವ್ರೆ ನೋಡ್ಕಳಕೆ?” ಅಂದರು. ನನ್ನ ಬಾಯಿಂದ ಅದು ಹೇಗೆ ಬಂತೋ ಚಿತ್ರಾ. “ಯಾರೂ ಇಲ್ಲ,” ಅಂದುಬಿಟ್ಟೆ.

ಅವರು ಸೀಟಿನ ಮೇಲೆ ಕೈ ಊರಿ, “ಯಾರೂ ಇಲ್ಲ ಅಂತ ಯಾಕಮ್ಮ ಅಂತೀರ? ದಿನಾ ಈ ರೂಟ್ನಾಗೆ ನಾನು ಬತ್ತೀನಲ್ಲ. ಕತ್ಲಾದ್ರೂ ಹೆದರ್ಕಬೇಡಿ. ನಿಮ್ಮನ್ನ ಇಳ್ಸಿ, ನೀವು ಮನೆ ಬಾಗ್ಲು ತಗಿಯೋಗಂಟ ಬಸ್ ನಿಲ್ಸಿರ್ತೀನಿ,” ಅಂದರು.

ಮದುವೆಯಾದಾಗಿನಿಂದ ನನ್ನನ್ನು ಅವರು ಏಯ್ ಅಂತಲ್ಲದೆ ಬೇರೆ ಥರ ಕರೆದಿದ್ದಿಲ್ಲ. ನೋವಿದೆಯಾ ಅಂತ ಒಂದು ದಿನ ಕೇಳಿದ್ದಿಲ್ಲ, ಹೊಟ್ಟೆಯಲ್ಲಿದ್ದದ್ದು ಹೋದಾಗಲೂ ಕೇಳಲಿಲ್ಲ. ಕಡಿಮೆ ಮಾತಿನ ಮನುಷ್ಯ, ಒಳಗೆ ಇಷ್ಟೇ ಇರುವುದು ಅಂದುಕೊಂಡು ನಾನೂ ಇದ್ದುಬಿಟ್ಟೆ. ಒಳಗೆ ಇತ್ತು ಕಣೇ. ಬಸ್ಸು ಹತ್ತಿದ ಊರಿನ ಹೆಂಗಸರಿಗೆಲ್ಲ ಸಿಕ್ಕಿತು, ನನಗೊಬ್ಬಳಿಗೆ ಸಿಗಲಿಲ್ಲ. ಈಗ ನಾನು ರುದ್ರಮ್ಮ ಅಂತ ಮರೆತ ಮೇಲೆ ನನಗೂ ಸ್ವಲ್ಪ ಸಿಗುತ್ತಿದೆ, ಅದನ್ನು ಮೈಸೂರಿಗೆ ಕಳಿಸಿ ನಾನು ಹೇಗಿರಲಿ? ಕಾರಿನಲ್ಲಿ ಕೂತಿದ್ದ ಆ ಹೆಂಗಸು ನಾನೇ ಆದರೂ ಅವಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು ಚಿತ್ರಾ.