ಆ ಉಗ್ಗನ್ನು ಅಳಿಸುವ ಅಧಿಕಾರ ಯಾರು ಕೊಟ್ಟರು?

ರೇಡಿಯೋ ಧ್ವನಿ ಭಂಡಾರದ ನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ಸಂಸ್ಥೆ ಒಬ್ಬ ಲೇಖಕಿಯ ಉಗ್ಗನ್ನು ಅಳಿಸಿಹಾಕಿದೆ. ಅದನ್ನು ಮರಳಿ ಕೊಡಿ ಎಂದು ಕೇಳಲು ಈ ಪತ್ರ. ಹಿಂದೆ ಬರೆದ ಪತ್ರಗಳಿಗೆಲ್ಲ 'ತಮ್ಮ ಮೆಚ್ಚುಗೆಗೆ ಧನ್ಯವಾದಗಳು' ಎಂಬ ಉತ್ತರ ಬಂದಿದ್ದರಿಂದ ಪತ್ರಿಕೆಯ ಮೊರೆಹೊಕ್ಕಿದ್ದೇನೆ. ಮೆಚ್ಚುಗೆ ನನ್ನ ಯಾವ ಸಾಲಿನಲ್ಲಿ ಕಂಡಿತೋ ಕಾಣೆ.

ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಕನ್ನಡ ಪುಸ್ತಕವೆಂದರೆ ಪರೀಕ್ಷೆಯ ಸಂಕಟ ಎಂದುಕೊಂಡಿದ್ದ ವಯಸ್ಸಿನಲ್ಲಿ ಈ ಲೇಖಕಿಯ ಸಂದರ್ಶನವನ್ನು ರೇಡಿಯೋದಲ್ಲಿ ಕೇಳಿದೆ. ಮಕ್ಕಳಿಗಾಗಿ ಬರೆಯುತ್ತಿದ್ದ ಅವರ ಪ್ರತಿ ಕತೆಯಲ್ಲೂ ಒಂದು ಕಪ್ಪೆ ಇಣುಕುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಅವರು 'ಕಪ್ಪೆ ಅಜ್ಜಿ'. ಅಂದು ಸಂದರ್ಶಕರು ಅವರ ಬಾಯಿಗೆ ಪದ ಎತ್ತಿಕೊಡಲು ಹೋದಾಗ, "ತ... ತಡೀರಿ. ಅದು ನನ್ನ ಮಾತು, ನಾನೇ ಹೇ... ಹೇಳ್ತೀನಿ" ಎಂದಿದ್ದರು. ಅಷ್ಟು ಕಷ್ಟಪಟ್ಟು ಹೇಳುವ ಭಾಷೆಯಲ್ಲಿ ಏನೋ ಇರಬೇಕು ಅನ್ನಿಸಿ ಓದಲು ಶುರುಮಾಡಿದೆ.

ನನ್ನ ಮಗಳಿಗೀಗ ಹನ್ನೊಂದು. ಅವಳಿಗೂ ಉಗ್ಗಿದೆ. ತರಗತಿಯಲ್ಲಿ ಗಟ್ಟಿಯಾಗಿ ಓದುವ ಸರದಿ ಬಂದರೆ ಗಂಟಲು ಕೆಟ್ಟಿದೆ ಎಂದು ಕೈಸನ್ನೆ ಮಾಡಿ ತಲೆಯಾಡಿಸಿಬಿಡುತ್ತಾಳೆ. ಕಪ್ಪೆ ಅಜ್ಜಿ ಎಂದರೆ ಪ್ರಾಣ. "ಅವರಿಗೂ ನಿನ್ನ ಹಾಗೇ ಇತ್ತು ಕಣೇ" ಎಂದೆ. "ಹಾ... ಹಾಗಾದ್ರೆ ಕೇಳಿಸು" ಎಂದಳು.

ನಿಮ್ಮ ಜಾಲತಾಣ ಜಾಲಾಡಿದೆ. ಲೇಖಕಿಯ ಹೆಸರೇ ಇಲ್ಲ. ಸಂದರ್ಶನ ಮಾಡಿದ ಅಧಿಕಾರಿಯ ಹೆಸರಿನಡಿ, ಹಲ್ಲಿನ ಆರೋಗ್ಯ, ರಸ್ತೆ ಸುರಕ್ಷತೆಯ ಕಾರ್ಯಕ್ರಮಗಳ ನಡುವೆ ಅವರು ಸಿಕ್ಕರು. ಬರೆದವರನ್ನು ಹುಡುಕಲು ಪ್ರಶ್ನೆ ಕೇಳಿದವರ ಹೆಸರು ಗೊತ್ತಿರಬೇಕೆಂಬುದು ಯಾರ ಬುದ್ಧಿಯೋ. ಸಿಕ್ಕರಲ್ಲ ಎಂದು ಅದನ್ನೂ ನುಂಗಿಕೊಂಡೆ.

ತಾಯಿ ಮಗಳು ಒಂದೊಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತೆವು. ಕಪ್ಪೆ ಅಜ್ಜಿ ವಾರ್ತೆ ಓದುವವರಂತೆ ಸರಾಗವಾಗಿ ಮಾತಾಡಿದರು. ಬೆಣ್ಣೆಯಿಂದ ಕೂದಲು ತೆಗೆದಂತೆ ಉಗ್ಗನ್ನು ತೆಗೆಯಲಾಗಿತ್ತು. ಮಗಳು ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. "ನನ್ನ ಸ... ಸಮಾಧಾನಕ್ಕೆ ಸುಳ್ಳು ಹೇಳಿದ್ಯಲ್ಲಮ್ಮ."

ನನ್ನ ನೆನಪೇ ಸುಳ್ಳೇ? ಮಗಳಿಗಾಗಿ ನಾನೇ ಕಟ್ಟಿಕೊಂಡೆನೇ? ಅಮ್ಮನಿಗೆ ಫೋನ್ ಮಾಡಿದೆ. "ಉಗ್ತಿರ್ಲಿಲ್ವೇನೇ? ಆ ಯಮ್ಮ ಒಂದು ಮಾತು ಮುಗಿಸೋ ಅಷ್ಟರಲ್ಲಿ ನನ್ನ ಹಾಲು ಉಕ್ಕಿಹೋಗಿತ್ತು" ಎಂದರು. ಮೊಮ್ಮಗಳು ಇದನ್ನೂ ನಂಬಲಿಲ್ಲ. "ಅ... ಅಜ್ಜಿಗೆ ನೀನೇ ಹೇಳಿಕೊಟ್ಟಿರ್ತೀಯ."

ಹಾಗಾಗಿ ನಿಮ್ಮ ಕಚೇರಿಗೇ ಬಂದೆ. ನಿಮ್ಮ ತಂತ್ರಜ್ಞರು ಸಂಭ್ರಮದಿಂದ ವಿವರಿಸಿದರು: "ತಡವರಿಕೆ ಎಲ್ಲಾ ಕ್ಲೀನ್ ಮಾಡಿದೀವಿ ಮೇಡಂ. ಪಾಪ, ದೊಡ್ಡವರು, ಮರ್ಯಾದೆ ಉಳೀತು ನೋಡಿ."

"ಮೂಲ ಟೇಪು?"

"ವಿಲೇವಾರಿಗೆ ಕಟ್ಟಿಟ್ಟಿದೀವಿ. ಸಾಹೇಬರ ಸಹಿ ಒಂದು ಬಾಕಿ."

ಮರ್ಯಾದೆ ಉಳಿಸುವುದಕ್ಕೆ ಅದು ಹೋಗಿದ್ದು ಯಾವಾಗ ಸ್ವಾಮಿ? ಟೇಪಿನ ಗರಗರ ಸದ್ದು ತೆಗೆಯಿರಿ, ಬೇಡವೆನ್ನುವುದಿಲ್ಲ. ಆದರೆ "ನಾನೇ ಹೇಳ್ತೀನಿ" ಎಂಬ ಮಾತನ್ನೂ ಕತ್ತರಿಸಿದ್ದೀರಲ್ಲ, ಕತ್ತರಿ ಹಿಡಿದವರಿಗೆ ಕಿವಿ ಇರಲಿಲ್ಲವೇ? ನಿಮ್ಮ ಸದುದ್ದೇಶವನ್ನು ನಾನು ಅನುಮಾನಿಸುತ್ತಿಲ್ಲ. ಮಗಳು ಪದವೊಂದರಲ್ಲಿ ಸಿಕ್ಕಿಕೊಂಡಾಗ ತುಂಬಿಕೊಡುವ ಆಸೆ ನನ್ನ ನಾಲಗೆಯ ತುದಿಗೂ ಬರುತ್ತದೆ. ತಡೆದುಕೊಳ್ಳುತ್ತೇನೆ. ನಿಮ್ಮ ಇಲಾಖೆಯಿಂದ ಅಷ್ಟನ್ನು ನಿರೀಕ್ಷಿಸುವುದು ಅತಿಯಾಸೆಯೇ?

ವಿಲೇವಾರಿಗೆ ಸಹಿ ಹಾಕಬೇಡಿ. ಮೂಲ ಸಂದರ್ಶನವನ್ನು ಇದ್ದಂತೆಯೇ, ಲೇಖಕಿಯ ಹೆಸರಿನಲ್ಲಿ, ಎಲ್ಲರಿಗೂ ಸಿಗುವಂತೆ ಇಡಿ. ಅದಕ್ಕೂ ಮೊದಲು ಮಗಳನ್ನು ಕರೆತರುತ್ತೇನೆ, ನಿಮ್ಮ ಕೊಠಡಿಯಲ್ಲೇ ಆ ಟೇಪು ಹಾಕಿ. ನೀವೂ ಕೂತು ಕೇಳಿ. ಅವಳು ನಿಮ್ಮನ್ನು ಏನಾದರೂ ಕೇಳಬಹುದು. ಪ್ರಶ್ನೆ ಮುಗಿಯುವವರೆಗೆ ದಯವಿಟ್ಟು ಕಾಯಿರಿ.

ಇಂತಿ,
ಟೇಪು ಸಿಗುವ ತನಕ ಮಗಳ ಲೆಕ್ಕದಲ್ಲಿ ಸುಳ್ಳುಗಾತಿಯಾದ ಒಬ್ಬ ತಾಯಿ