ಮುನಿರಾಜರ ಕೋವಿಯ ಹಿಡಿ

೧೬ ನವೆಂಬರ್, ಆದಿತ್ಯವಾರ

ಪುತ್ತಿಗೆಯ ಮುನಿರಾಜರು ಬಿರುಕು ಬಿಟ್ಟ ಕೋವಿಯ ಹಿಡಿಯನ್ನು ಕೊಟ್ಟದ್ದು ನನ್ನ ಕೈಗೆ, ತಂಗಿ ಸಾತ್ವಿಕಾಳ ಕೈಗಲ್ಲ. ಅಪ್ಪನ ನಂತರ ಮರಗೆಲಸದ ಅಂಗಡಿ ನಡೆಸಿದವಳು ನಾನು. ಅವಳು ಮೊನ್ನೆ ಮೊನ್ನೆ ಕೆಲಸಕ್ಕೆ ಬಂದವಳು. ನಾನು ಅಂಟು ಹಾಕಿ ಬಿಗಿದೆ. ಮೊದಲ ಗುಂಡಿಗೇ ಮತ್ತೆ ಬಿರಿಯಿತು.

"ಅಕ್ಕ, ಇಲ್ಲಿ ಮರದ ಎಳೆ ಓರೆಯಾಗಿ ಉಂಟು. ಅಂಟು ಮಾತ್ರ ಸಾಲುವುದಿಲ್ಲ. ಅಡ್ಡಕ್ಕೆ ಬೀಟೆಮರದ ಮೊಳೆ ಕೂರಿಸುವ," ಎಂದಳು. ಅವಳೇ ಕೂರಿಸಿದಳು. ಬಿರುಕು ಎಲ್ಲಿತ್ತೆಂದು ನಾನು ಬೆರಳಾಡಿಸಿ ಹುಡುಕಬೇಕಾಯಿತು.

ಇವತ್ತು ಪುತ್ತಿಗೆಯಲ್ಲಿ ಮುನಿರಾಜರು ಪರೀಕ್ಷೆಗೆಂದು ಗುರಿ ಹಿಡಿದು ನಿಂತಾಗ ಸಾತ್ವಿಕಾ ಹೆದರಿ ನನ್ನ ಕೈ ಹಿಡಿದುಕೊಂಡಳು. ನಾನು ಕಣ್ಣು ಮುಚ್ಚಿ ಬೇಡಿಕೊಂಡೆ, ಬಿರಿಯಲಿ ಎಂದು. ಬಿರಿದರೆ ಅವರ ಕೈಗೆ ಪೆಟ್ಟಾಗುತ್ತದೆಂದು ಗೊತ್ತಿದ್ದೂ ಬೇಡಿಕೊಂಡೆ.

ಗುಂಡು ಹಾರಿತು. ಹಿಡಿ ಅಲುಗಲಿಲ್ಲ.

"ಇನ್ನು ಇಂಥ ಕೆಲಸ ಇದ್ದರೆ ತಂಗಿಗೇ ಕೊಡ್ತೇನೆ, ಆಯ್ತಾ," ಎಂದು ಮುನಿರಾಜರು ನನಗೇ ಹೇಳಿದರು. ನಗಬೇಕಾಯಿತು.

ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತ ಸಾತ್ವಿಕಾ ಕಿವಿಯ ಹತ್ತಿರ ಬಾಗಿ ಹೇಳಿದಳು. "ನೀನು ಕಣ್ಣು ಮುಚ್ಚಿ ಬೇಡಿಕೊಂಡದ್ದು ನೋಡಿದೆ ಅಕ್ಕ. ಅದಕ್ಕೇ ಹಿಡಿ ಬಿರಿಯದೆ ನಿಂತದ್ದು."

ನಾನು ಗಾಡಿಯ ವೇಗ ಹೆಚ್ಚಿಸಿದೆ. ಆ ಒಳ್ಳೆಯತನವೂ ಅವಳಿಗೇ ಸಿಗಬೇಕಿತ್ತೇ, ನನಗೆ ಸಿಕ್ಕಿದ್ದು ಈ ಹೊಟ್ಟೆಕಿಚ್ಚು ಮಾತ್ರವೇ?