ಕೌದಿಯ ಹಿಂಬದಿ

ಅಂಗಡಿಯ ಮೇಲಿನ ಮನೆಯಿಂದ,
ಫೆಬ್ರವರಿ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳಿಗೆ,

ಹೇಗಿದ್ದೀಯಮ್ಮಾ? ಚಳಿಗೆ ಗಂಟಲು ಕಟ್ಟುವುದು ಇನ್ನೂ ಇದೆಯೇ? ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಹನ್ನೊಂದು ವರ್ಷದಲ್ಲಿ ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಅಳತೆ ಪುಸ್ತಕ ಬಿಟ್ಟರೆ ಬೇರೇನೂ ಬರೆದು ಅಭ್ಯಾಸವಿಲ್ಲ, ಹೆಚ್ಚುಕಮ್ಮಿಯಾದರೆ ಹೊಟ್ಟೆಗೆ ಹಾಕಿಕೋ. ನಿನ್ನ ವಿಳಾಸ ನಿಮ್ಮಮ್ಮನ ಸೂಜಿ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿತ್ತು. ಹನ್ನೊಂದು ವರ್ಷದ ಹಿಂದೆ, ನವಿರಿನ ದಿಕ್ಕು ತೋರಿಸುವ ಬಾಣದ ಗುರುತು ಇದ್ದೂ ಗಿರಾಕಿಯ ವೆಲ್ವೆಟ್ಟನ್ನು ಉಲ್ಟಾ ದಿಕ್ಕಿಗೆ ಕತ್ತರಿಸಿಬಿಟ್ಟೆಯೆಂದು ಅಂಗಡಿ ತುಂಬ ಜನರಿದ್ದಾಗ ನಿನ್ನ ಮೇಲೆ ಕೂಗಾಡಿದೆ. "ಇನ್ನು ನನ್ನ ಕತ್ತರಿ ಮುಟ್ಟಬೇಡ" ಎಂದೆ. ನೀನು ಕತ್ತರಿ ಮೇಜಿನ ಮೇಲಿಟ್ಟು ಹೋದೆ. ಆಮೇಲೆ ಬಂದದ್ದು ಅಮ್ಮ ತೀರಿಕೊಂಡ ದಿನವೇ. ಅವತ್ತೂ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ.

ಈಗ ವಿಷಯ ಅಮ್ಮನ ಕೌದಿಯದು. ನಿನ್ನ ಅಜ್ಜಿ ತಮ್ಮ ಕಾಲದ ಬಟ್ಟೆಗಳನ್ನೆಲ್ಲ ಆರು ಮೂಲೆಯ ತುಂಡುಗಳಾಗಿ ಕತ್ತರಿಸಿ ಒಂದು ಟ್ರಂಕು ತುಂಬ ಇಟ್ಟುಹೋಗಿದ್ದರಲ್ಲ, ನೀನು ಮನೆ ಬಿಟ್ಟ ಮೇಲೆ ಅಮ್ಮ ಅವನ್ನು ಹೊರತೆಗೆದಳು. ಮೂಲೆ ಕೆಡದಿರಲೆಂದು ಒಂದೊಂದರ ಹಿಂದೆಯೂ ಅದೇ ಆಕಾರದ ಕಾಗದ ಇಟ್ಟು, ಅಂಚು ಮಡಿಸಿ ಕಚ್ಚಾ ಹೊಲಿಗೆ ಹಾಕಿ, ಕೈಯಲ್ಲೇ ಜೋಡಿಸುತ್ತಾ ಬಂದಳು. ಜೋಡಿಸಿಯಾದ ಮೇಲೆ ಕಾಗದ ತೆಗೆಯಬೇಕು. ಅವಳು ಒಂದನ್ನೂ ತೆಗೆಯಲಿಲ್ಲ. "ನಿನ್ನ ಕೌದಿ ಮುಗಿಯೋ ಹೊತ್ತಿಗೆ ನಮ್ಮ ಚಳೀನೇ ಮುಗಿದಿರುತ್ತೆ" ಎಂದು ರೇಗಿಸುತ್ತಿದ್ದೆ. "ನಿಮ್ಮ ಮಷಿನ್ ನೀವು ನೋಡ್ಕೊಳ್ಳಿ" ಎನ್ನುತ್ತಿದ್ದಳು. ಮೇಲಿನ ಪದರ ಪೂರ್ತಿಯಾಗಿದೆ. ಕೆಳಗೊಂದು ಬಟ್ಟೆ, ನಡುವೆ ಹತ್ತಿ, ಅಷ್ಟೇ ಬಾಕಿ. ಮಷಿನ್ನಿಗೆ ಅರ್ಧ ದಿನದ ಕೆಲಸ ಎಂದುಕೊಂಡು ಹೋದ ವಾರ ಕತ್ತರಿಸುವ ಮೇಜಿನ ಮೇಲೆ ಹರಡಿದೆ.

ಮಗುಚಿ ಹಾಕಿ ನಾಲ್ಕು ಕಾಗದ ಎಳೆದೆ. ನಿನ್ನ ಅಕ್ಷರ. ಒಂದರಲ್ಲಿ "ಬಾಡಿಗೆ ಮಷಿನ್ ಸಿಕ್ಕಿತು", ಒಂದರಲ್ಲಿ "ಮಾತ್ರೆ ಮರೀಬೇಡ", ಇನ್ನೊಂದರಲ್ಲಿ ಬರೀ "ಕಿಟಕಿ ತೆಗೆದರೆ". ನಿನ್ನ ಪತ್ರಗಳು ಎದುರುಮನೆಯವರ ವಿಳಾಸಕ್ಕೆ ಬರುತ್ತಿದ್ದವಂತೆ, ಮೊನ್ನೆ ಕೇಳಿದ್ದಕ್ಕೆ ಒಪ್ಪಿಕೊಂಡರು. ಎಸೆಯಲು ಅಮ್ಮನಿಗೆ ಮನಸ್ಸು ಬಂದಿಲ್ಲ, ಇಟ್ಟುಕೊಂಡರೆ ನಾನು ರಂಪ ಮಾಡುತ್ತೇನೆಂಬ ಹೆದರಿಕೆ. ಅದಕ್ಕೇ ಕತ್ತರಿಸಿ ಒಳಗೆ ಹೊಲಿದಿದ್ದಾಳೆ, ನನ್ನ ಕಣ್ಣೆದುರಿಗೇ. ಯಾರ ಬಟ್ಟೆ ಬಂದರೂ ಮೊದಲು ಒಳಮೈ ತಿರುಗಿಸಿ ನೋಡುವ ಮನುಷ್ಯ ನಾನು. ಹೆಂಡತಿಯ ಕೆಲಸವನ್ನು ಒಂದು ಸಲವೂ ತಿರುಗಿಸಿ ನೋಡಲಿಲ್ಲ. ಮೇಜಿನ ಪಕ್ಕ ಕೂತು ಅತ್ತುಬಿಟ್ಟೆ ಮಗಳೇ.

ಇದನ್ನು ಹೇಗೆ ಮುಗಿಸುವುದೆಂದು ವಾರವಿಡೀ ಒದ್ದಾಡಿದೆ. ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕುವ ಅಕ್ಕ ನಿನಗೆ ಗೊತ್ತಲ್ಲ, ಅವಳದು ಖಡಾಖಂಡಿತ ಮಾತು. "ಕಾಗದ ಒಳಗೇ ಬಿಟ್ರೆ ಒಂದೇ ಒಗೆತಕ್ಕೆ ಮುದ್ದೆಯಾಗುತ್ತೆ ಮಾಸ್ಟರ್, ತೆಗೆದುಬಿಡಿ" ಎಂದಳು. ಕೆಲಸದ ಲೆಕ್ಕದಲ್ಲಿ ಅದೇ ಸರಿ. ತೆಗೆದರೆ ಮೆತ್ತಗಾಗುತ್ತದೆ, ಹೊದೆಯಬಹುದು. ಆದರೆ ತೆಗೆದರೆ ಓದಿಬಿಡುತ್ತೇನೆ, ನನ್ನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಅವು ನನಗೆ ಬರೆದ ಪತ್ರಗಳಲ್ಲ. ಹಾಗಾಗಿ ಉಳಿದವನ್ನು ಮುಟ್ಟದೆ, ಕೆಳಗೆ ಬಿಳಿ ಕಾಟನ್ ಇಟ್ಟು ಮೂರು ಕಡೆ ಕೈಯಲ್ಲೇ ಹೊಲಿಯುತ್ತಿದ್ದೇನೆ. ನಾಲ್ಕನೇ ಕಡೆ ತೆರೆದಿರುತ್ತದೆ. ಕೈ ಹಾಕಿ ಕಾಗದ ತೆಗೆದು ಹತ್ತಿ ತುಂಬುವುದೋ, ಹಾಗೇ ಮುಚ್ಚಿಬಿಡುವುದೋ, ಅದು ನಿನಗೆ ಬಿಟ್ಟಿದ್ದು. ನೀನೇ ಬರುತ್ತೀಯೋ, ನಾನು ಪಾರ್ಸೆಲ್ ಮಾಡಲೋ, ಒಂದು ಸಾಲು ಬರೆ. ಬಂದರೆ ನನಗೆ ಸಂತೋಷ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಹಿಡಿದ ಕೆಲಸವೆಲ್ಲ ಹಸನಾಗಲಿ. ಕಾಜಾ ಅಕ್ಕ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ
ಅಪ್ಪ

ಇನ್ನೊಂದು ಮಾತು: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ನಾಲ್ಕನೆಯ ಕಾಗದದ ವಿಷಯ ಬರೆದಿರಲಿಲ್ಲ. "ವೆಲ್ವೆಟ್ ಮೇಲೆ ಬಾಣದ ಗುರುತು ಉಲ್ಟಾ ಹಾಕಿದ್ದು ಅಪ್ಪನೇ ಅಮ್ಮಾ. ಅವರಿಗೆ ಹೇಳಬೇಡ, ನೊಂದು" ಎಂದಿದೆ, ಅಲ್ಲಿಗೆ ಕತ್ತರಿ ಬಿದ್ದಿದೆ. ನಿಮ್ಮಮ್ಮ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನೀನು ಹೋದ ಸಂಜೆ ಆ ವೆಲ್ವೆಟ್ ತುಂಡುಗಳನ್ನು ಮಡಿಸಿಡುವಾಗಲೇ ನನ್ನ ಬಾಣವನ್ನು ನಾನು ನೋಡಿದ್ದೆ.